ಚಾಚಾನ ಬೆರಳಲ್ಲಿದ್ದ ಸೂಜಿಮೊನೆ

ಒಂಬತ್ತು ಸಾವಿರ ಅಂದರು, ಎಂಟಕ್ಕೆ ಇಳಿಸಿದೆ. ಇಂದಿರಾನಗರದಲ್ಲಿ ಪ್ರಾಸ್ಟೇಟ್ ಎಂಆರ್‌ಐ ಸ್ಕ್ಯಾನು. ನನ್ನ ರಕ್ತಪರೀಕ್ಷೆಯಲ್ಲಿ, ಪ್ರಾಸ್ಟೇಟ್ ಗ್ರಂಥಿಯ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ಅಂಶ ಏರಿತ್ತು. ಚುಚ್ಚಿ ತುಣುಕು ತೆಗೆಯುವ ಮುಂಚೆ ಒಳಗೆ ಅನುಮಾನದ ಜಾಗ ಇದೆಯಾ, ಎಲ್ಲಿದೆ ನೋಡೋಣ ಅಂದಿದ್ದರು ಡಾಕ್ಟರು. ಉಂಗುರ, ಬೆಲ್ಟು ಬಿಚ್ಚಿ ಟ್ರೇಗೆ ಹಾಕುತ್ತಿದ್ದೆ. ಅಲ್ಲಿನ ಹುಡುಗಿ, "ಮೈಯೊಳಗೆ ಕಬ್ಬಿಣ, ಸ್ಟೀಲು ಏನಾದ್ರೂ ಇದೆಯಾ ಸರ್?" ಅಂದಳು. ಕೈ ಅಲ್ಲೇ ನಿಂತಿತು... ಚಾಚಾ ನೆನಪಾದರು.

ಶಿವಾಜಿನಗರದಲ್ಲಿ ನನ್ನ ಗುಂಡಿ-ಲೈನಿಂಗ್ ಅಂಗಡಿಯ ಪಕ್ಕದ ಟೈಲರ್ ಅವರು. ನಾನು ಫುಟ್‌ಪಾತಿನಲ್ಲಿ ಗುಂಡಿ ಮಾರುತ್ತಿದ್ದಾಗ ತಮ್ಮ ಮೆಟ್ಟಿಲ ಮೇಲೆ ಜಾಗ ಕೊಟ್ಟವರು. ಆಗಿನಿಂದಲೂ ನನ್ನನ್ನು ಕರೆಯುತ್ತಿದ್ದದ್ದು "ಸಾವ್ಕಾರ್" ಅಂತಲೇ. ನಮ್ಮ ಸಾಲಿನ ಅಂಗಡಿಗಳಲ್ಲಿ ಶೌಚಾಲಯವಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿಬರುವಾಗ ಅಳತೆ ಕೋಲನ್ನು ಬಾಗಿಲಿಗೆ ಅಡ್ಡ ಇಡುತ್ತಿದ್ದೆವು. ಪಕ್ಕದವರು ಅಂಗಡಿ ನೋಡಿಕೊಳ್ಳಬೇಕು ಅಂತ ಅರ್ಥ. ಬರುಬರುತ್ತಾ ಚಾಚಾನ ಕೋಲು ಬಾಗಿಲಲ್ಲೇ ಇರತೊಡಗಿತು. "ಚಾಚಾ, ಬಸ್ ಸ್ಟ್ಯಾಂಡಲ್ಲೇ ಮಿಷನ್ ಹಾಕ್ಕೊಂಡ್ಬಿಡಿ" ಅಂತ ಸಾಲೆಲ್ಲ ನಗುತ್ತಿತ್ತು. ಅವರೂ ನಗುತ್ತಿದ್ದರು.

ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದೆ. ಅವರಿಗೂ ಇದೇ ಸ್ಕ್ಯಾನ್ ಬರೆದುಕೊಟ್ಟರು. ರೇಟು ನಾನೇ ಮಾತಾಡಿಟ್ಟೆ. ಚಾಚಾ ಹೋಗಲಿಲ್ಲ. "ರಂಜಾನ್ ಹೊಲಿಗೆ ಮುಗೀಲಿ." ಆಮೇಲೆ, "ಮದುವೆ ಸೀಸನ್ ಮುಗೀಲಿ..."

ಸೊಂಟ ಹಿಡಿದುಕೊಂಡು ಆಸ್ಪತ್ರೆ ಸೇರಿದಾಗ ಕ್ಯಾನ್ಸರು ಮೂಳೆಗೆ ಇಳಿದಿತ್ತು. ಆ ಸ್ಕ್ಯಾನಿಗೆ ಯಾಕೆ ಹೋಗಲಿಲ್ಲ ಚಾಚಾ ಅಂತ ಕೇಳಿದೆ. ಮಲಗಿದ್ದಲ್ಲಿಂದಲೇ ತೋರುಬೆರಳು ಮುಂದೆ ಹಿಡಿದರು.

"ಇಲ್ಲಿ ಸೂಜಿಮೊನೆ ಮುರ್ದು ಕೂತಿದೆ ಸಾವ್ಕಾರ್, ಕೆಲಸ ಕಲೀವಾಗಿಂದು. ಅದು ಅಯಸ್ಕಾಂತದ ಮಿಷನ್ ಅಲ್ವಾ? ಬೆರಳು ಸೀಳ್ಕೊಂಡು ಆಚೆ ಬಂದ್ಬಿಟ್ರೆ ನಾನು ಹೊಲಿಯೋದು ಹೆಂಗೆ?"

ಮಣ್ಣು ಮಾಡಿದ ದಿನವೂ ಆ ಬೆರಳಿಗೆ ಏನೂ ಆಗಿರಲಿಲ್ಲ.

"ಬೆರಳಲ್ಲಿ ಸೂಜಿ ಮುರಿದು ಕೂತಿದ್ರೆ ಏನ್ಮಾಡ್ತೀರಮ್ಮ?" ಅಂತ ಸ್ಕ್ಯಾನ್ ಸೆಂಟರಿನ ಆ ಹುಡುಗಿಯನ್ನು ಕೇಳಿದೆ.

"ಮೊದಲು ಎಕ್ಸ್‌ರೇ ತೆಗೆದು ಡಾಕ್ಟರಿಗೆ ತೋರಿಸ್ತೀವಿ. ಎಷ್ಟೋ ಜನಕ್ಕೆ ಸ್ಕ್ಯಾನ್ ಆಗತ್ತೆ ಸರ್. ನಿಮಗಿದೆಯಾ?"

"ನನಗಿಲ್ಲಮ್ಮ..."

ಓದುತ್ತಿರುವವರಿಗೆ ಹೇಳುತ್ತೇನೆ. ಐವತ್ತು ದಾಟಿದ ಮೇಲೆ ಪದೇಪದೇ ಮೂತ್ರಕ್ಕೆ ಏಳುವಂತಾದರೆ, ವಯಸ್ಸಾಯಿತು ಅಂತ ಸುಮ್ಮನಿರಬೇಡಿ. ಕ್ಯಾನ್ಸರೇ ಅಂತ ಹೆದರಲೂ ಬೇಡಿ, ತೋರಿಸಿ. ಸ್ಕ್ಯಾನಿಗೂ ಚೌಕಾಸಿ ಮಾಡಿ, ನಾಚಿಕೆ ಬೇಡ. ಮೈಯಲ್ಲಿ ಕಬ್ಬಿಣದ ಚೂರಿದ್ದರೆ ಬಾಯಿಬಿಟ್ಟು ಹೇಳಿ. ಆಗತ್ತೋ ಇಲ್ಲವೋ ಅವರು ತೀರ್ಮಾನಿಸಲಿ. ನಿಮ್ಮ ಪಕ್ಕದಂಗಡಿಯವರು ನಾಳೆ, ನಾಳೆ ಅಂದರೆ, ಯಾಕೆ ಅಂತ ಇನ್ನೊಂದು ಸಲ ಕೇಳಿ.