ಪೇಟಿ ಪೆಟ್ಟಿಗೆಯಲ್ಲಿ ಕ್ಯಾಮೆರಾ

ಬಸ್ಸು ಹತ್ತಿದವನ ಮುಖವನ್ನು ನಮ್ಮ ಬಳ್ಳಾರಿ ಕಡೆಯ ಜನ ಮೊದಲು ನೋಡುವುದಿಲ್ಲ, ಅವನ ಕೈಯಲ್ಲಿರುವ ಚೀಲವನ್ನು ನೋಡುತ್ತಾರೆ. ಚೀಲ ನೋಡಿ ಮುಗಿದ ಮೇಲೆ, ಪುರುಸೊತ್ತಿದ್ದರೆ, ಮುಖ. ಕವರಿನಲ್ಲಿ ಮೂಸಂಬಿ ಇದ್ದರೆ ಆಸ್ಪತ್ರೆಗೆ ಹೊರಟವನು. ಕಂಕುಳಲ್ಲಿ ಫೈಲಿದ್ದರೆ ತಾಲ್ಲೂಕು ಆಫೀಸು. ಸ್ಟೀಲ್ ಡಬ್ಬಿಗೆ ಬಟ್ಟೆ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರೆ ಬಸುರಿ ಮಗಳನ್ನು ನೋಡಲು ಹೊರಟ ತಾಯಿ. ಬಾಯಿ ಬಿಟ್ಟು ಕೇಳುವ ಪ್ರಶ್ನೆಯೇ ಇಲ್ಲ. ಹೀಗೆ ಎಲ್ಲರನ್ನೂ ಒಂದೇ ನೋಟಕ್ಕೆ ಓದಿ ಮುಗಿಸುವ ಬಸ್ಸಿನಲ್ಲಿ ನಾನೊಬ್ಬ ಮಾತ್ರ ಯಾರಿಗೂ ಅರ್ಥವಾಗದೆ ಉಳಿದುಬಿಡುತ್ತಿದ್ದೆ. ಯಾಕೆಂದರೆ ನನ್ನ ಹತ್ತಿರ ಇರುವುದು ಹಳೇ ಕಾಲದ ದೊಡ್ಡ ಕ್ಯಾಮೆರಾ, ಅದಕ್ಕೆ ಸರಿಯಾದ ಚೀಲ ಈ ಲೋಕದಲ್ಲಿ ಹುಟ್ಟಿಲ್ಲ.

ಹುಟ್ಟಿದೆ ಅಂತ ಮೊಬೈಲಿನಲ್ಲಿ ತೋರಿಸುತ್ತಾರೆ. ಹೊರದೇಶದ ಚೀಲಗಳು, ಒಳಗೆ ಸ್ಪಂಜಿನ ಗೋಡೆಗಳು, ಬೆನ್ನಿಗೆ ಗಾಳಿಯಾಡುವ ಜಾಲರಿ. ಆ ಚೀಲದ ಬೆಲೆಗೆ ಇನ್ನೊಂದು ಕ್ಯಾಮೆರಾ ಬರುತ್ತದೆ, ಆಮೇಲೆ ಅದಕ್ಕೂ ಒಂದು ಚೀಲ ಹುಡುಕಬೇಕು. ಆ ಸಹವಾಸ ಬಿಟ್ಟೆ.

ನಾನು ಓದಿದವನಲ್ಲ. ಹತ್ತನೇ ಇಯತ್ತೆಯ ಬಾಗಿಲು ಬಡಿದು ವಾಪಸ್ ಬಂದವನು. ಸತ್ಯನಾರಾಯಣಪೇಟೆಯ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತೇನೆ. ಗಲ್ಲ ಮೇಲೆ, ಭುಜ ಕೆಳಗೆ, ಕಣ್ಣು ಮುಚ್ಚಬೇಡಿ, ಮುಗೀತು. ಸ್ಟುಡಿಯೋದ ಅಟ್ಟದ ಮೇಲೆ ಬಿದ್ದಿದ್ದ ಮರದ ಕ್ಯಾಮೆರಾವನ್ನು ಮಾಲೀಕರು ಗುಜರಿಗೆ ಹಾಕಲು ಹೊರಟಾಗ ನಾನು ಬೇಡಿ ತಗೊಂಡೆ. ಅವರು ಕೊಟ್ಟ ರೀತಿ ನೋಡಿದರೆ, ಗುಜರಿಯವನು ಕೂಡ ಬೇಡ ಅಂದಿರಬೇಕು. ಮುಂದೆ ಲೆನ್ಸು, ಹಿಂದೆ ಉಜ್ಜಿದ ಗಾಜು, ನಡುವೆ ಅಕಾರ್ಡಿಯನ್ನಿನಂತೆ ಮಡಿಕೆ ಮಡಿಕೆಯಾದ ತೊಗಲಿನ ತಿದಿ. ಅಂಗೈಯಷ್ಟಗಲದ ಫಿಲ್ಮಿನ ಹಾಳೆಯನ್ನು ಒಂದೊಂದಾಗಿ ಹಾಕಿ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಫೋಟೋ ತೆಗೆಯಬೇಕು. ಒಂದು ಹಾಳೆಗೆ ಒಂದೇ ಫೋಟೋ. ಹೀಗಾಗಿ ನನ್ನ ಜನ್ಮದ ಆಸೆಯೂ ಒಂದೇ ಆಗಿತ್ತು: ಒಂದಾದರೂ ನೆಟ್ಟಗೆ ಬರಲಿ. ಬರಲಿಲ್ಲ. ಪ್ರತಿ ಸಲವೂ ಚೀಲವೇ ಕೆಡಿಸಿತು ಅಂತ ನಾನು, ನೀನೇ ಕೆಡಿಸಿದೆ ಅಂತ ನಮ್ಮವ್ವ.

ಮೊದಲು ಬ್ರೂಸ್‌ಪೇಟೆಯಲ್ಲಿ ಒಂದು ಟ್ರಾವೆಲ್ ಬ್ಯಾಗ್ ತಂದೆ. ಸಿರುಗುಪ್ಪದ ಹೊಳೆದಂಡೆಯ ಭತ್ತದ ಗದ್ದೆ ತೆಗೆಯೋಣ ಅಂತ ಹೊರಟರೆ, ಬಸ್ಸಿನಲ್ಲಿ ಒಬ್ಬ ದೊಡ್ಡಮ್ಮ ಅದನ್ನು ಹಾಸಿಗೆಯ ಗಂಟು ಅಂದುಕೊಂಡು ಅದರ ಮೇಲೆ ಕೂತುಬಿಟ್ಟಳು. ಗಾಜು ಲಟಕ್ಕಂದ ಸದ್ದು ನನಗೆ ಕೇಳಿಸಿತು, ಅವಳಿಗೂ ಕೇಳಿಸಿತು. "ಹಪ್ಪಳ ಇಟ್ಟಿದ್ದೇನಪ್ಪ? ಹೇಳಬಾರ್ದ ಮತ್ತ?" ಅಂದಳು. ಅವಳ ಮರುಕ ನಿಜವಾದದ್ದು. ಏಳಲಿಲ್ಲ, ಅದು ಬೇರೆ ಮಾತು.

ಹೊಸ ಗಾಜು ಹಾಕಿಸಿ, ಆಮೇಲೆ ಜೀನ್ಸ್ ಹೊಲಿಯುವ ಗೆಳೆಯನೊಬ್ಬನ ಕೈಯಲ್ಲಿ ಚೀಲ ಹೊಲಿಸಿದೆ. ನಮ್ಮೂರಿನಲ್ಲಿ ಜೀನ್ಸಿಗೇನು ಬರವೇ? ಆದರೆ ಅವನ ಕೈಗೆ ಪ್ಯಾಂಟು ಬಿಟ್ಟು ಬೇರೇನೂ ಹೊಲಿದು ಗೊತ್ತಿಲ್ಲ. ಎಲ್ಲೆಲ್ಲಿ ಬಟ್ಟೆ ಖಾಲಿ ಕಂಡಿತೋ ಅಲ್ಲೆಲ್ಲ ಜೇಬು ಇಟ್ಟ, ಪ್ರತಿ ಜೇಬಿಗೂ ತಾಮ್ರದ ಗುಂಡಿ ಬಡಿದ. ಸಾಮಾನು ತುಂಬಿ ನಿಲ್ಲಿಸಿದರೆ ತಲೆಯಿಲ್ಲದ ದಪ್ಪ ಮನುಷ್ಯನೊಬ್ಬ ಗೋಡೆಗೆ ಒರಗಿ ನಿಂತಂತೆ ಕಾಣುತ್ತಿತ್ತು. ಅದನ್ನು ಹೊತ್ತು ಮತ್ತೆ ಸಿರುಗುಪ್ಪಕ್ಕೆ ಹೋದೆ. ಸೂರ್ಯ ಮುಳುಗುವ ಬೆಳಕು ಬಂತು, ಗದ್ದೆಯ ನೀರೆಲ್ಲ ಬಂಗಾರವಾಯಿತು, ನಾನು ಟಿಕೆಟ್ ಕಳೆದುಕೊಂಡವನ ಹಾಗೆ ಜೇಬು ಜೇಬು ತಡಕುತ್ತಿದ್ದೆ. ಲೆನ್ಸು ಸಿಗುವ ಹೊತ್ತಿಗೆ ಸೂರ್ಯ ಮನೆಗೆ ಹೋಗಿದ್ದ.

ಮೂರನೆಯದು ತಗಡಿನ ಟ್ರಂಕು. ಗಟ್ಟಿ ಇತ್ತು, ಯಾರು ಕೂತರೂ ಸರಿ. ಆದರೆ ಬಳ್ಳಾರಿಯ ಬಿಸಿಲಿನಲ್ಲಿ ತಗಡಿನ ಟ್ರಂಕು ಅಂದರೆ ಅದು ಟ್ರಂಕಲ್ಲ, ಬೇಕರಿಯ ಒಲೆ. ಒಳಗಿದ್ದ ಫಿಲ್ಮೆಲ್ಲ ಬೆಂದು ಮಂಜಾಗಿ ಬಂತು. ಆ ಫೋಟೋಗಳನ್ನು ನೋಡಿದ ಮಾಲೀಕರು, "ಊಟಿಗೆ ಹೋಗಿದ್ದೇನಲೇ?" ಅಂತ ಕೇಳಿದರು.

ಟ್ರಂಕಿನ ಬಿಸಿಗೆ ತಿದಿಯೂ ಬಿರಿದು ತೂತು ಬಿದ್ದಿತ್ತು. ತೂತಿನಿಂದ ಬೆಳಕು ನುಗ್ಗಿದರೆ ಫಿಲ್ಮು ಹಾಳು. ತಿದಿ ರಿಪೇರಿ ಮಾಡುವವರು ಬಳ್ಳಾರಿಯಲ್ಲಿ ಯಾರಿದ್ದಾರೆ? ಯೋಚಿಸಿ, ಕೌಲ್ ಬಜಾರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಚಾಚಾನ ಹತ್ತಿರ ಒಯ್ದೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಪೇಟಿಗೂ ತಿದಿ ಇರುತ್ತದಲ್ಲ, ಆ ಧೈರ್ಯ. ಚಾಚಾ ನನ್ನ ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದಕ್ಕ ಸ್ವರ ಎಲ್ಲದಾವು ಬೇಟಾ?"

"ಇದು ಕ್ಯಾಮೆರಾ ಚಾಚಾ."

"ತಿದಿ ಐತಿಲ್ಲ? ಆತು ಬಿಡು. ಹಾಡ್ಲಿ, ಫೋಟೋ ಹೊಡೀಲಿ, ನನಗೇನು?"

ಎರಡು ದಿನದಲ್ಲಿ ತೇಪೆ ಹಾಕಿಕೊಟ್ಟ. ಕೊಡುವಾಗ ಮೂಲೆಯಲ್ಲಿದ್ದ ಖಾಲಿ ಪೇಟಿ ಪೆಟ್ಟಿಗೆಯೊಂದನ್ನು ಕಾಲಿನಿಂದ ಮುಂದೆ ತಳ್ಳಿದ. ಮರದ್ದು, ಮೇಲೆ ಕಪ್ಪು ಬಣ್ಣ, ಹಿತ್ತಾಳೆ ಕೊಂಡಿ, ಒಳಗೆ ಹಸಿರು ಮಕಮಲ್ಲು. ಕ್ಯಾಮೆರಾ ಇಟ್ಟು ನೋಡಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಪಕ್ಕದ ಸಂದಿಯಲ್ಲಿ ಲೆನ್ಸು, ಅದರ ಮೇಲೆ ಕಪ್ಪು ಬಟ್ಟೆ, ಮುಚ್ಚಳದ ಅಡಿಯಲ್ಲಿ ಫಿಲ್ಮು. ಬಿಸಿಲಿಗೂ ತಣ್ಣಗೆ, ಯಾರಾದರೂ ಕೂತರೂ ಗಟ್ಟಿ. ಆ ರಾತ್ರಿ ಅದನ್ನು ಮಂಚದ ಪಕ್ಕ ಇಟ್ಟುಕೊಂಡು ಮಲಗಿದೆ. ಮದುವೆಯಾದವರು ಇಷ್ಟು ಖುಷಿಯಾಗಿರುತ್ತಾರೋ ಇಲ್ಲವೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಕುರುಗೋಡು ಬಸ್ಸು ಹತ್ತಿದೆ. ಕುರುಗೋಡಿನ ಗುಡ್ಡದ ಬಂಡೆಗಳು ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಕೂತಿರುತ್ತವೆ, ಅಲುಗಾಡುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ನನ್ನಂಥ ಫೋಟೋಗ್ರಾಫರನಿಗೆ ಅವೇ ಸರಿ. ಎರಡೇ ಎರಡು ಹಾಳೆ ಫಿಲ್ಮು ಉಳಿದಿತ್ತು. ಬಸ್ಸಿನಲ್ಲಿ ಮೊದಲ ಸಲ ಜನ ನನ್ನ ಪೆಟ್ಟಿಗೆ ನೋಡಿ ಅರ್ಥವಾದಂತೆ ತಲೆಯಾಡಿಸಿದರು. ಒಬ್ಬರು ಎದ್ದು ಕಿಟಕಿ ಸೀಟು ಬಿಟ್ಟುಕೊಟ್ಟರು. ಚೀಲ ಸರಿ ಇದ್ದರೆ ಮನುಷ್ಯನಿಗೆ ಮರ್ಯಾದೆ ತಾನಾಗಿ ಬರುತ್ತದೆ ಅಂದುಕೊಂಡೆ.

ಕುರುಗೋಡಿನ ಸ್ಟ್ಯಾಂಡಿನಲ್ಲಿ ಇಳಿದೆನೋ ಇಲ್ಲವೋ, ಒಬ್ಬಾತ ಬೈಕು ತಂದು ಮುಂದೆ ನಿಲ್ಲಿಸಿದ. ಕಣ್ಣು ಕೆಂಪಗಿದ್ದವು.

"ಎಷ್ಟೊತ್ತಿಗೆ ಬರೂದ್ರಿ ಮಾಸ್ತರ? ಎಲ್ಲಾರೂ ಕುಂತು ಕಾಯಾಕತ್ತಾರ. ಹತ್ರಿ, ಹತ್ರಿ."

"ನಾನು ಮಾಸ್ತರ ಅಲ್ರಿ."

"ದೊಡ್ಡೋರೆಲ್ಲ ಹಂಗ ಅಂತಾರ. ಹತ್ರಿ."

ಮಾತಿನ ನಡುವೆಯೇ ನನ್ನ ಪೆಟ್ಟಿಗೆಯನ್ನು ಎತ್ತಿ ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡು ಗಾಡಿ ಬಿಟ್ಟೇಬಿಟ್ಟ. ಪೆಟ್ಟಿಗೆ ಹೋದ ಕಡೆ ನಾನು ಹೋಗಬೇಕು, ಬೇರೆ ದಾರಿ ಏನಿದೆ? ಓಡಿ ಹಿಂದಿನ ಸೀಟಿಗೆ ಹಾರಿದೆ. ದಾರಿಯುದ್ದಕ್ಕೂ "ಇದು ಕ್ಯಾಮೆರಾ ರೀ" ಅಂತ ಅವನ ಕಿವಿಯಲ್ಲಿ ಕೂಗಿದೆ. ಅವನ ಸೈಲೆನ್ಸರಿನ ಮುಂದೆ ನನ್ನ ಗಂಟಲು ಏನೂ ಅಲ್ಲ.

ಮನೆ ಮುಂದೆ ಶಾಮಿಯಾನ ಹಾಕಿತ್ತು. ಒಳಗೆ ಗೋಡೆಗೆ ಒರಗಿಸಿ ಒಬ್ಬ ಹಿರಿಯರನ್ನು ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳತುಂಬ ಹೂವು, ಕಣ್ಣು ಮುಚ್ಚಿದ್ದವು. ಆಗ ತಿಳಿಯಿತು, ಇದು ಸಾವಿನ ಮನೆ, ಇವರೆಲ್ಲ ಭಜನೆಗೆ ಕೂತವರು, ಕಾಯುತ್ತಿರುವುದು ಪೇಟಿ ಮಾಸ್ತರನನ್ನು. "ಬಂದ್ರು ಬಂದ್ರು" ಅಂತ ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು. ತಬಲಾದವನು ಶ್ರುತಿಗೆ ಕಿವಿಗೊಟ್ಟು ಸುತ್ತಿಗೆ ಹಿಡಿದ. ಬೈಕಿನವನು ತಾನೇ ಕೊಂಡಿ ತೆಗೆದು ಮುಚ್ಚಳ ಎತ್ತಿದ.

ಎಲ್ಲರೂ ಬಗ್ಗಿ ನೋಡಿದರು. ತಾಳ ಹಿಡಿದಿದ್ದ ಮುದುಕರೊಬ್ಬರು ತಿದಿಯನ್ನು ಬೆರಳಿನಿಂದ ಮುಟ್ಟಿ, "ಸ್ವರದ ಪಟ್ಟೀನ ಇಲ್ಲಲ್ಲಪ್ಪ, ಎಲ್ಲಿ ಒತ್ತಿ ಬಾರಸ್ತಿ ಇದನ್ನ?" ಅಂದರು.

"ಇದು ಫೋಟೋ ಹೊಡಿಯೂದು ಯಜ್ಜಾ," ಅಂದೆ.

"ಮೊದ್ಲ ಬೊಗಳಾಕ ಏನಾಗಿತ್ತಲೇ ನಿನಗ?" ಅಂದ ಬೈಕಿನವನು. ಸ್ಟ್ಯಾಂಡಿನಿಂದ ಇಲ್ಲಿಯ ತನಕ ನಾನು ಮಾಸ್ತರನಾಗಿದ್ದೆ. ಮುಚ್ಚಳ ತೆಗೆದ ಕ್ಷಣದಿಂದ ಲೇ. ನನ್ನ ಸಂಗೀತದ ಬದುಕು ಅಷ್ಟೇ ದೂರದ್ದು.

ಸುಮ್ಮನೆ ಪೆಟ್ಟಿಗೆ ಮುಚ್ಚಿಕೊಂಡು ಹೊರಡುವವನಿದ್ದೆ. ಆದರೆ ತೀರಿಕೊಂಡವರ ಹೆಂಡತಿ, ಎದುರಿಗೆ ಕೂತಿದ್ದ ಅಮ್ಮ, ಯಾರಿಗೂ ಅಲ್ಲದ ಹಾಗೆ ಒಂದು ಮಾತು ಅಂದಳು. "ಈ ಊರಾಗ ಯಾರ್ ಹ್ವಾದ್ರೂ ಇವ್ರ ಪೇಟಿ ಬಾರ್ಸಿ ಕಳ್ಸಿದ್ರು. ಇವತ್ತ ಇವ್ರನ್ನ ಯಾರು ಕಳ್ಸಬೇಕು?"

ಅದೇ ಆಗಿದ್ದು. ಕುರುಗೋಡಿನಲ್ಲಿ ಪೇಟಿ ಬಾರಿಸುತ್ತಿದ್ದವರು ಅವರೊಬ್ಬರೇ. ಬೇರೆಯವರು ಕಲಿಯಲಿಲ್ಲ, ಅವರಿದ್ದಾರಲ್ಲ ಅಂತ. ಈಗ ಅವರೇ ಗೋಡೆಗೆ ಒರಗಿ ಕೂತಿದ್ದರು. ಸಿರುಗುಪ್ಪದ ಒಬ್ಬ ಮಾಸ್ತರನಿಗೆ ಹೇಳಿ ಕಳಿಸಿದ್ದರು, ಅವನು ಫೋನೇ ಎತ್ತುತ್ತಿರಲಿಲ್ಲ. ಬೈಕಿನವನು ಅವರ ಮಗ. ಬೆಳಗಿನಿಂದ ಪ್ರತಿ ಬಸ್ಸಿಗೂ ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದನಂತೆ. ಅವನ ಬೈಗುಳ ನನಗೆ ಕಮ್ಮಿಯೇ ಅನ್ನಿಸಿತು.

ಯಾರೋ ಮೊಬೈಲಿನಲ್ಲಿ ಶ್ರುತಿ ಬರುತ್ತದೆ, ಸ್ಪೀಕರಿಗೆ ಹಚ್ಚೋಣ ಅಂದರು. ಅಮ್ಮ ಒಪ್ಪಲಿಲ್ಲ. "ಮೊಬೈಲು ಉಸುರ ಆಡ್ತೈತೇನು?" ಅಂದು ಒಳಗೆ ಹೋಗಿ ಗಂಡನ ಪೇಟಿಯನ್ನು ತಾನೇ ಎದೆಗೆ ಒತ್ತಿಕೊಂಡು ತಂದಳು. ಚಾಪೆಯ ಮೇಲೆ ಇಟ್ಟು ನನ್ನ ಕಡೆ ನೋಡಿದಳು.

"ಮಾಸ್ತರ ಅಂತ ಕರ್ಕೊಂಡು ಬಂದಾರ. ಕುಂದ್ರಪ್ಪ."

"ಯಮ್ಮಾ, ನನಗ ಏನೂ ಬರಂಗಿಲ್ಲ."

"ಬರೂದ ಬ್ಯಾಡ. ಈ ಕರೀದೊಂದು ಒತ್ತಿ ಹಿಡಿ, ಗಾಳಿ ಹಾಕು. ಹಾಡವ್ರು ಹಾಡ್ತಾರ."

ಹಾಡುವವರ ಕೈಯಲ್ಲಿ ತಾಳ, ದಮ್ಮಡಿ, ತಬಲಾ. ಖಾಲಿ ಕೈಯವನು ನಾನೊಬ್ಬನೇ. ಕೂತೆ. ಬಲಗೈಯ ಒಂದು ಬೆರಳು ಒಂದು ಕರಿ ಪಟ್ಟಿಯ ಮೇಲೆ, ಎಡಗೈ ತಿದಿಯ ಮೇಲೆ. ಸ್ವರ ಹೊರಟಿತು. ತಬಲಾದವನು ಸುತ್ತಿಗೆಯಿಂದ ಎರಡು ಸಲ ತಟ್ಟಿ ತಲೆಯಾಡಿಸಿದ. ತತ್ವಪದ ಶುರುವಾಯಿತು.

ತಿದಿಯ ಕೆಲಸ ಹಗುರ ಅಂದುಕೊಳ್ಳಬೇಡಿ. ಜೋರು ಹಾಕಿದರೆ ಸ್ವರ ಚೀರುತ್ತದೆ, ಮೆಲ್ಲಗೆ ಹಾಕಿದರೆ ಸಾಯುತ್ತದೆ. ಮೊದಲ ಪದ ಮುಗಿಯುವಷ್ಟರಲ್ಲಿ ತೋಳು ಬಿದ್ದುಹೋಗಿತ್ತು, ಎರಡನೆಯದಕ್ಕೆ ಕಾಲು ಜೋಮು ಹಿಡಿದಿತ್ತು. ನಡುವೆ ತಾಳದ ಮುದುಕರು ನನ್ನ ಕಡೆ ಬಾಗಿ, "ಶ್ರುತಿ ತಪ್ಪವಲ್ದು ನೋಡ್ಲೇ," ಅಂದರು. ಒಂದೇ ಬೆರಳಿನಲ್ಲಿ ಒಂದೇ ಸ್ವರ ಹಿಡಿದವನು ತಪ್ಪುವುದಾದರೂ ಎಲ್ಲಿ? ಆದರೂ ಹೊಗಳಿಕೆ ಹೊಗಳಿಕೆಯೇ, ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

ಅಷ್ಟರಲ್ಲಿ ಶಾಮಿಯಾನದ ಸೆರಗಿನಿಂದ ಬಿಸಿಲು ಜಾರಿ ಒಳಗೆ ಬಂತು. ಬಿಳಿ ಗೋಡೆಗೆ ಬಿದ್ದು, ಅಲ್ಲಿಂದ ಆ ಹಿರಿಯರ ಮುಖದ ಮೇಲೆ ಹರಡಿತು. ವಿಭೂತಿಯ ಒಂದೊಂದು ಗೆರೆಯೂ ಬೇರೆ ಬೇರೆ ಕಾಣುತ್ತಿತ್ತು. ನಾನು ಹುಡುಕುತ್ತಿದ್ದ ಬೆಳಕು ಅಂದರೆ ಅದೇ, ಸಿರುಗುಪ್ಪದಲ್ಲೂ ಅಂಥದ್ದು ಕಂಡಿರಲಿಲ್ಲ. ಮಗನಿಗೂ ಏನೋ ಹೊಳೆದಿರಬೇಕು, ಪಕ್ಕಕ್ಕೆ ಬಂದು ಕೂತ. "ಸಿಟ್ಟಿಗೆ ಅಂದೆ, ಮನಸಿಗೆ ಹಚ್ಕೋಬ್ಯಾಡಣ್ಣ. ನಿಂದು ಕ್ಯಾಮೆರಾ ಐತಲ್ಲ, ಅಪ್ಪಂದೊಂದು ಹೊಡೀತೀ ಏನು?"

ಪೆಟ್ಟಿಗೆ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಎರಡು ಹಾಳೆ ಫಿಲ್ಮು, ತೂತಿಲ್ಲದ ತಿದಿ, ಕದಲದ ಮನುಷ್ಯ. ಒಂದು ಬೆರಳು ಎತ್ತಿದ್ದರೆ ಸಾಕಿತ್ತು. ಆದರೆ ಬೆರಳು ಎತ್ತಿದರೆ ಸ್ವರ ನಿಲ್ಲುತ್ತಿತ್ತು. ನಾನು ಅಮ್ಮನ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಎಡಗೈ ಹೋಗಿ ಬರುವುದನ್ನು ನೋಡುತ್ತಿದ್ದಳು.

"ಆಗಂಗಿಲ್ಲಣ್ಣ," ಅಂದೆ. "ಕೈ ಖಾಲಿ ಇಲ್ಲ."

ಬಿಸಿಲು ಗೋಡೆ ಬಿಟ್ಟು ಸರಿದುಹೋಯಿತು. ಹೊತ್ತು ಇಳಿಯುವಾಗ ಕೊನೆಯ ಪದ ಮುಗಿಯಿತು. ತಾಳಗಳನ್ನು ಕೆಳಗಿಟ್ಟರು. ಎತ್ತುವವರು ಟವೆಲ್ಲು ಸೊಂಟಕ್ಕೆ ಬಿಗಿದು ಹತ್ತಿರ ಬಂದರು. ಪೇಟಿ ನಿಂತರೆ ದೇಹ ಎತ್ತಬೇಕು, ಅದು ಪದ್ಧತಿಯಂತೆ. ನಾನು ಕೈ ತೆಗೆಯಬೇಕು ಅನ್ನುವಷ್ಟರಲ್ಲಿ ಅಮ್ಮ ಮೆಲ್ಲಗೆ ಅಂದಳು.

"ನಿಲ್ಲಸಬ್ಯಾಡಪ್ಪ. ಇನ್ನೊಂದೀಟು."

ಹಾಡಿಲ್ಲ, ತಾಳವಿಲ್ಲ, ಬರೀ ಒಂದು ಸ್ವರ. ಎತ್ತುವವರು ಅಲ್ಲೇ ನಿಂತರು. ಯಾರೂ ಅವಸರ ಮಾಡಲಿಲ್ಲ. ಅವಳು ಗಂಡನ ಪಕ್ಕ ಹೋಗಿ ಕೂತು ಅವರ ಅಂಗಿಯ ತೋಳು ಸರಿ ಮಾಡಿದಳು, ಕಿವಿಯ ಹಿಂದೆ ಅಂಟಿದ್ದ ಹೂವಿನ ಎಸಳು ತೆಗೆದಳು, ಆಮೇಲೆ ಏನೂ ಮಾಡದೆ ಸುಮ್ಮನೆ ಕೂತಳು. ನನ್ನ ತೋಳು ಉರಿಯುತ್ತಿತ್ತು. ಗಾಳಿ ಹಾಕುತ್ತಲೇ ಇದ್ದೆ. ಎಷ್ಟು ಹೊತ್ತೋ. ಕೊನೆಗೆ ಅವಳೇ ನನ್ನ ಕಡೆ ತಿರುಗಿ, "ಸಾಕು," ಅಂದಳು.

ಬಂಡೆಗಳ ಫೋಟೋ ಆಗಲಿಲ್ಲ, ಯಾವ ಫೋಟೋವೂ ಆಗಲಿಲ್ಲ. ಎರಡು ಹಾಳೆ ಹಾಗೇ ವಾಪಸ್ ಬಂದವು. ಮನೆಯಲ್ಲಿ ಅವ್ವ ಎಲ್ಲ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ತಕ್ಷಣ ಬೈದಳು: "ಪೆಟ್ಟಿಗಿ ಮ್ಯಾಲೆ ಕ್ಯಾಮೆರಾ ಅಂತ ದೊಡ್ಡಕ್ಷರದಾಗ ಬರಸು. ಇಲ್ಲಾಂದ್ರ ನಾಳೆ ಯಾರ್ ಮನಿಗೆ ಎತ್ತಿ ಹಾಕ್ಕೊಂಡು ಹೊಕ್ಕಾರೋ." ಹೇಳಿದ್ದು ನ್ಯಾಯವೇ. ಬ್ರೂಸ್‌ಪೇಟೆಗೆ ಹೋಗಿ ಬಿಳಿ ಬಣ್ಣದ ಸಣ್ಣ ಡಬ್ಬಿ, ಒಂದು ಬ್ರಷ್ಷು ತಂದೆ. ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟು, ಒರೆಸಿ, ಮುಂದೆ ಕುಕ್ಕರಗಾಲಲ್ಲಿ ಕೂತೆ. ನನ್ನ ಅಕ್ಷರ ಅಷ್ಟು ಚೆನ್ನಾಗಿಲ್ಲ ಅಂತ ಒಂದು ದಿನ ಬಿಟ್ಟೆ. ಮರುದಿನ ಬಿಸಿಲು ಜಾಸ್ತಿ ಅಂತ ಬಿಟ್ಟೆ.

ಈಗ ಯಾರಾದರೂ ನನ್ನನ್ನು, ದೊಡ್ಡ ಕ್ಯಾಮೆರಾಕ್ಕೆ ಯಾವ ಚೀಲ ಒಳ್ಳೇದು ಅಂತ ಕೇಳಿದರೆ, ಪೇಟಿ ಪೆಟ್ಟಿಗೆಯನ್ನೇ ಹೇಳುತ್ತೇನೆ. ಭಾರ ಇದೆ, ಹಿಡಿಕೆ ಕೈ ಕೊಯ್ಯುತ್ತದೆ, ಬಸ್ಸಿನಲ್ಲಿ ಜನ ತಪ್ಪು ತಿಳಿಯುತ್ತಾರೆ. ಬಣ್ಣದ ಡಬ್ಬಿ ಅಂಗಳದ ಮೂಲೆಯಲ್ಲಿ ಒಣಗಿ ಕಲ್ಲಾಗಿದೆ. ಇನ್ನೊಂದು ತರಬೇಕು ಅಂತ ಅವ್ವ ನೆನಪಿಸುತ್ತಲೇ ಇರುತ್ತಾಳೆ. ತರುತ್ತೇನೆ ಅನ್ನುತ್ತೇನೆ.