ಅತ್ತೆ ಕೊಡಲೊಪ್ಪದ ಗುಳಿಗೆ

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಇಪ್ಪತ್ತಾರು ವರ್ಷ ಅಪ್ಪನ ಹೋಮಿಯೋಪತಿ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ಆಗಿದ್ದಳು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಮೆಟ್ಟಿಲಿಳಿದರೆ ಅಪ್ಪ ಅವಳಿಗೆ ‘ಡಾಕ್ಟ್ರು’, ಹತ್ತಿದರೆ ‘ಅಣ್ಣ’. ಇಂಥ ನಿಯಮಗಳನ್ನೆಲ್ಲ ಅವಳೇ ಮಾಡಿಕೊಂಡಿದ್ದಳು, ಬ್ರಹ್ಮ ಬಂದು ಹೇಳಿದರೂ ಬದಲಾಯಿಸುತ್ತಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳೂ ಅವಳೇ. ಆದ್ದರಿಂದ ಅವಳ ಹಟದ ರುಚಿ ನನಗೆ ಚೆನ್ನಾಗಿ ಗೊತ್ತು.

ಕೆಲಸದಲ್ಲಿ ಅವಳು ಬಲು ಚೊಕ್ಕ. ಪುಟ್ಟ ಗಾಜಿನ ಶೀಶೆಗೆ ಬಿಳಿ ಗುಳಿಗೆ ತುಂಬಿ, ನಾಲ್ಕು ಹನಿ ಔಷಧಿ ಬಿಟ್ಟು, ಬಿರಡೆ ಹಾಕಿ ಕುಲುಕುವಳು. ಗುಳಿಗೆಗೆ ಬೆರಳು ತಾಕುವಂತಿಲ್ಲ. ಅದಕ್ಕಿಂತ ದೊಡ್ಡ ಕೆಲಸ ಬರೆಯುವುದು. ಅಪ್ಪ ಒಬ್ಬೊಬ್ಬ ರೋಗಿಯನ್ನು ಒಂದೊಂದು ಗಂಟೆ ಪ್ರಶ್ನೆ ಕೇಳುತ್ತಿದ್ದರು. ಕೆಮ್ಮು ಬೆಳಿಗ್ಗೆ ಜಾಸ್ತಿಯೋ ಸಂಜೆಯೋ, ನೀರು ಗುಟುಕು ಗುಟುಕಾಗಿ ಬೇಕೋ ಚೊಂಬುಗಟ್ಟಲೆ ಬೇಕೋ, ಯಾವುದಕ್ಕೆ ಸಿಟ್ಟು ಬರುತ್ತದೆ. ರೋಗಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ತಿದ್ದಬಾರದು ಅನ್ನುವುದು ಅಪ್ಪನ ಕಟ್ಟಪ್ಪಣೆ. ಒಬ್ಬ ದರ್ಜಿ, “ಈ ಪ್ರಶ್ನೆಗಳನ್ನ ಕೇಳಿದ್ರೇ ಸಿಟ್ಟು ಬರುತ್ತೆ” ಅಂದಿದ್ದ. ಅತ್ತೆ ಅದನ್ನೂ ಬರೆದುಕೊಂಡಿದ್ದಳು.

ಆಮೇಲೆ ಆ ಹೊಸ ಕಾಯಿಲೆ ಬಂತು. ಹೆಸರು ಬಾಯಿಗೆ ಹೊಂದಿಕೊಳ್ಳುವಷ್ಟರಲ್ಲಿ ಪಕ್ಕದ ಬೀದಿಗೂ ಬಂದಿತ್ತು. ಅಂಗಡಿಗಳು ಬಾಗಿಲು ಹಾಕಿದವು, ನಮ್ಮ ಬಾಗಿಲಲ್ಲಿ ಮಾತ್ರ ಸಾಲು. ಕಾಯಿಲೆ ಬಾರದ ಹಾಗೆ ಗುಳಿಗೆ ಕೊಡಿ ಅಂತ ಜನ ದುಂಬಾಲು ಬಿದ್ದರು, ಅಪ್ಪ ಕೊಟ್ಟರು. ಅವರು ಮೋಸಗಾರರಲ್ಲ. ನಂಬಿ ಕೊಟ್ಟರು, ತಾವೂ ತಿಂದರು. ಮೂರನೆಯ ವಾರ ಅವರಿಗೇ ಜ್ವರ ಬಂತು.

ನಾನು ಆಸ್ಪತ್ರೆ ಅಂದೆ. ಅಪ್ಪ ನಕ್ಕರು. ನನ್ನದು ಮೊದಲೇ ಅರ್ಧ ಧೈರ್ಯ, ಅವರು ನಕ್ಕ ಮೇಲೆ ಅದೂ ಹೋಯಿತು. ತಾವೇ ಔಷಧಿ ಆರಿಸಿದರು, ಅತ್ತೆ ಹೊತ್ತುಹೊತ್ತಿಗೆ ಕೊಟ್ಟಳು. ನಾಲ್ಕನೆಯ ದಿನ ಕೆಮ್ಮು ಹೆಚ್ಚಾಯಿತು. ಅಪ್ಪನ ಮುಖ ಅರಳಿತು!

“ನೋಡಿದ್ರಾ? ಉಲ್ಬಣ ಆಗ್ತಿದೆ. ಔಷಧಿ ಹಿಡೀತಿದೆ ಅಂತ ಅರ್ಥ.”

ಅವರ ಶಾಸ್ತ್ರದಲ್ಲಿ ಹಾಗೊಂದು ಮಾತಿದೆ. ಸರಿಯಾದ ಔಷಧಿ ಬಿದ್ದರೆ ರೋಗ ಮೊದಲು ಕೆರಳಿ ಆಮೇಲೆ ಇಳಿಯುತ್ತದಂತೆ. ಇಪ್ಪತ್ತಾರು ವರ್ಷ ಅತ್ತೆ ಅದನ್ನೇ ಹೇಳಿ ತುರಿಕೆಯವರನ್ನೂ ತಲೆನೋವಿನವರನ್ನೂ ಸಮಾಧಾನ ಮಾಡಿ ಕಳಿಸಿದ್ದಳು. ಹದಗೆಡುತ್ತಿರುವುದನ್ನೇ ಗುಣವೆಂದು ಓದುವ ಮನೆಯಲ್ಲಿ ಅಪಾಯ ಯಾವುದೆಂದು ಯಾರು ಹೇಳಬೇಕು? ಆ ದಿನ ನನಗೆ ಅಪ್ಪನ ಮೇಲೆ ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಭಯವೂ ಅಷ್ಟೇ ಇತ್ತು.

ಐದನೆಯ ದಿನ ಬೆಳಿಗ್ಗೆ ಅತ್ತೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ತಂದಳು. ಅಪ್ಪನ ಬೆರಳಿಗೆ ಹಾಕಿದರೆ ಎಂಬತ್ತೇಳು.

“ಬೆರಳು ತಣ್ಣಗಿದೆ,” ಅಂದರು ಅಪ್ಪ. “ಯಂತ್ರ ಸುಳ್ಳು ಹೇಳುತ್ತೆ.”

ಅತ್ತೆ ಅವರ ಅಂಗೈ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ಹಾಕಿದಳು. ಎಂಬತ್ತಾರು. ತನ್ನ ಬೆರಳಿಗೆ ಹಾಕಿಕೊಂಡಳು, ತೊಂಬತ್ತೆಂಟು. ಅಪ್ಪ ಮುಖ ತಿರುಗಿಸಿ, “ಗುಳಿಗೆ ಕೊಡು” ಅಂದರು.

“ಕೊಡಲ್ಲ.”

ಆ ಮನೆಯ ಗೋಡೆಗಳೂ ಆ ಮಾತು ಕೇಳಿರಲಿಲ್ಲ.

“ಡಾಕ್ಟರ್ ಯಾರು? ನೀನಾ, ನಾನಾ?”

“ನೀನೇ. ಆದ್ರೆ ಇವತ್ತು ಪೇಷಂಟೂ ನೀನೇ. ಪೇಷಂಟನ್ನ ಕೇಳದೆ ಔಷಧಿ ಕೊಡಬಾರದು ಅಂತ ನೀನೇ ಹೇಳಿಕೊಟ್ಟಿದ್ದು. ಕೇಳ್ತೀನಿ, ಹೇಳು.”

ಹಾಳೆ, ಪೆನ್ನು ಹಿಡಿದು ಕುರ್ಚಿ ಎಳೆದುಕೊಂಡು ಕೂತಳು. ನನಗೆ ಮೈಯೆಲ್ಲ ಉರಿಯಿತು, ಈಗ ಇದಕ್ಕೆ ಹೊತ್ತೇ ಅಂತ. ಅಂಬುಲೆನ್ಸಿಗೆ ಅವಳು ಆಗಲೇ ಫೋನು ಮಾಡಿಯಾಗಿತ್ತು ಅನ್ನುವುದು ಆಮೇಲೆ ತಿಳಿಯಿತು. ಬರುವವರೆಗಿನ ಹೊತ್ತನ್ನು ಅವಳು ಹೀಗೆ ದುಡಿಸಿಕೊಂಡಳು.

ರಾತ್ರಿ ನಿದ್ದೆ? ಕೂತೇ ಮಾಡಿದೆ. ಯಾಕೆ? ಮಲಗಿದರೆ... ಅಪ್ಪ ಉಸಿರು ತೆಗೆದುಕೊಂಡರು... ಆಗಲ್ಲ. ಬಚ್ಚಲಿಗೆ ಹೋಗಿ ಬಂದರೆ? ಗೋಡೆ ಹಿಡ್ಕೋಬೇಕು. ಮಾತು? ಅದಕ್ಕೆ ಉತ್ತರ ಬರಲಿಲ್ಲ, ಕೆಮ್ಮು ಬಂತು. ಅತ್ತೆ ‘ಕೆಮ್ಮಿದರು’ ಅಂತ ಬರೆದಳು. ಒಂದಕ್ಷರ ತಿದ್ದಲಿಲ್ಲ. ಕೊನೆಗೆ ಎಲ್ಲವನ್ನೂ ಅವರಿಗೇ ಓದಿ ಹೇಳಿದಳು.

“ಹೆಸರು ತೆಗೆದು ಕೇಳ್ತೀನಿ. ಕೆಳಗಡೆ ಇಂಥೋರು ಒಬ್ರು ಬಂದ್ರೆ ಏನ್ಮಾಡ್ತಿದ್ದೆ ಅಣ್ಣ?”

ಅಪ್ಪ, ಹೊರಡೋಣ ಅನ್ನುವಂತೆ, ಅಂಗಿಯ ಕಡೆ ಕೈ ತೋರಿಸಿದರು. ಅತ್ತೆ ಅಂಗಿ ತೊಡಿಸಿದಳು.

ಅಪ್ಪ ಹದಿನಾರು ದಿನ ಆಸ್ಪತ್ರೆಯಲ್ಲಿದ್ದು, ಕಡ್ಡಿಯಂತಾಗಿ, ಬದುಕಿ ಬಂದರು. ಬೀದಿಯವರು ಗುಳಿಗೆಯ ಮಹಿಮೆ ಅಂದದ್ದೂ ಉಂಟು. ಆದರೆ ನಾನು ಹೇಳಬೇಕೆಂದಿರುವುದು ಮೊದಲ ದಿನ ಆಸ್ಪತ್ರೆಯ ಬಾಗಿಲಲ್ಲಿ ನಡೆದದ್ದು.

ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಫಾರಂ ತುಂಬಿಸುತ್ತಿದ್ದರು. ವಯಸ್ಸು, ಜ್ವರ ಬಂದ ದಿನ, ಎಲ್ಲಕ್ಕೂ ಅತ್ತೆ ಪಟಪಟ ಉತ್ತರ ಕೊಟ್ಟಳು.

“ಐದು ದಿನದಿಂದ ಏನು ಔಷಧಿ ಕೊಟ್ಟಿದ್ದೀರಾ?”

ಪ್ರತಿ ಗುಳಿಗೆಯ ಹೆಸರು, ಹೊತ್ತು, ಹನಿ ಅತ್ತೆಗೆ ಬಾಯಿಪಾಠ. ಅಪ್ಪ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದರು.

“ಹೋಮಿಯೋಪತಿ ಗುಳಿಗೆ ಕೊಟ್ಟೆ, ನನ್ನ ಕೈಯಾರೆ,” ಅಂದಳು. “ಈ ಕಾಯಿಲೆಗೆ ಔಷಧಿ ಅಂತ ಏನೂ ಕೊಟ್ಟಿಲ್ಲ. ಐದು ದಿನ ಹಾಗೇ ಹೋಯ್ತು. ಅದನ್ನೇ ಬರ್ಕೊಳ್ಳಿ.”

ಡಾಕ್ಟರಮ್ಮ ಪೆನ್ನು ಎತ್ತಿ ಅಪ್ಪನ ಕಡೆ ನೋಡಿದರು. “ಇವ್ರು ಹೇಳ್ತಿರೋದು ಸರಿನಾ ಸಾರ್?”

ಅಪ್ಪ ಕೊಳವೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಒಂದೊಂದೇ ಪದ ತೆಗೆದು ಹೇಳಿದರು.

“ಬರ್ಕೊಳ್ಳಮ್ಮ. ನಾನೂ ಡಾಕ್ಟರೇ. ಅವಳು... ಹೇಳಿದ್ದು... ಸರಿ.”