ಮುಂಜಾನೆಯ ಪೇಪರ್ ನಡೆಯುವಾಗ ಹೊರಗೆ ಕೂತವರು

ಸಿಇಟಿಗೆ ಮೊದಲನೇ ಬಸ್ಸಿಗೇ ಹೊರಡಬೇಕೆಂದು ಹಟ ಹಿಡಿದವನು ನಾನು. ಮಗಳು ಮಾತ್ರ ಹಿಂದಿನ ದಿನವೇ, "ಇನ್ನೊಂದ್ ಬಸ್ಸಿಗೆ ಹೋದ್ರೂ ನಡೀತೈತಪ್ಪಾ" ಅಂದಿದ್ದಳು. "ಪರೀಕ್ಷಿಗೆ ಯಾರರ ತಡಾ ಮಾಡ್ತಾರೇನಲೇ?" ಎಂದು ಬಾಯಿ ಮುಚ್ಚಿಸಿದ್ದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಪ್ಪ ತೀರಿಕೊಂಡ ಮೇಲೆ ಕೊಟ್ಟೂರಿನ ನಮ್ಮ ಹಿಟ್ಟಿನ ಗಿರಣಿ ನನ್ನ ಕೈಗೆ ಬಂತು. ಬೆಲ್ಟು ಹರಿದರೆ ನಾನೇ ಜೋಡಿಸಿದೆ, ಬೀಸುವ ಕಲ್ಲು ಸವೆದರೆ ಉಳಿ ಹಿಡಿದು ನಾನೇ ಕುಟ್ಟಿದೆ, ಯಾರ ಮುಂದೂ ತಲೆ ತಗ್ಗಿಸಲಿಲ್ಲ. ಮಗಳು ಪಿಯುಸಿಯಲ್ಲಿ ಸೈನ್ಸ್ ತಗೊಂಡಾಗ, ಜೋಳದ ಬುಟ್ಟಿ ಇಳಿಸಿದವರಿಗೆಲ್ಲ ನನ್ನದು ಒಂದೇ ಮಾತು: ನಮ್ಮ ಹುಡುಗಿ ಡಾಕ್ಟರಾಗ್ತಾಳ. ಸೈನ್ಸ್ ಅಂದರೆ ಡಾಕ್ಟರು ಎಂದೇ ನಾನು ತಿಳಿದಿದ್ದೆ.

"ನಮಗ ಸೂಜಿ ಪುಕ್ಕಟ್ಟೆ ಹಾಕ್ತಾಳೇನಣ್ಣಾ?" ಎಂದು ಹೆಣ್ಣುಮಕ್ಕಳು ಕಾಡುತ್ತಿದ್ದರು.

"ಹಾಕ್ತಾಳ. ನೀವು ಹಿಟ್ಟು ದಪ್ಪ ಆತು ಅಂತ ಜಗಳಾ ತಗ್ಯೋದು ಬಿಟ್ರ."

ದಾವಣಗೆರೆಯಲ್ಲಿ ಸೆಂಟರ್. ಹರಪನಹಳ್ಳಿ ದಾಟಿದರೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಹೆದರಿಕೆ ಇರಬೇಕೆಂದು ಸುಮ್ಮನಿದ್ದೆ. ಕಾಲೇಜಿನ ಗೇಟಿನ ಮುಂದೆ ಜಾತ್ರೆಯಷ್ಟು ಜನ. ಬೆಲ್ ಹೊಡೆಯಿತು, ಮಕ್ಕಳೆಲ್ಲ ಒಳಗೆ ನುಗ್ಗಿದರು. ನನ್ನ ಮಗಳು ಬೇವಿನ ಮರದ ಕೆಳಗೆ ಗಣಿತದ ಪುಸ್ತಕ ತೆರೆದುಕೊಂಡು ಕೂತಳು.

"ಏಳು, ಬೆಲ್ ಆತು."

"ಇದು ನನ್ ಪೇಪರ್ ಅಲ್ಲಪ್ಪಾ. ಇದು ಬಯಾಲಜಿ. ನಂದು ಮಧ್ಯಾಹ್ನ, ಗಣಿತ."

"ಅಲ್ಲ ಅಂದ್ರ?"

"ನಾ ಬಯಾಲಜಿ ತಗೊಂಡೇ ಇಲ್ಲ. ಅದರ ಬದ್ಲಿ ಕಂಪ್ಯೂಟರ್ ತಗೊಂಡೀನಿ."

"ಹಂಗಾರ ಡಾಕ್ಟರು?"

ಅವಳು ಪುಸ್ತಕದಿಂದ ಕಣ್ಣೆತ್ತಲಿಲ್ಲ. "ಬಯಾಲಜಿ ಇಲ್ದ ಆಗಾಕ ಬರಂಗಿಲ್ಲ."

"ಎರಡು ವರ್ಷ ಬಾಯಿಗೆ ಏನಾಗಿತ್ತು?"

"ಹೇಳ್ಬೇಕು ಅಂತ ಗಿರಣಿಗೆ ಬಂದಾಗೆಲ್ಲ, ನೋಡ್ರಿ ನಮ್ ಡಾಕ್ಟರ್ ಬಂದ್ಲು ಅಂತಿದ್ದಿ. ಹೆಂಗ ಹೇಳ್ಲಿ?"

ಗೇಟು ಮುಚ್ಚಿದರು. ಪಕ್ಕದಲ್ಲಿ ದಿನಪತ್ರಿಕೆ ಓದುತ್ತಿದ್ದ ಒಬ್ಬ ಮೇಷ್ಟ್ರು, "ಯಾಕ್ರಿ, ಮಗಳು ಒಳಗ ಹೋಗ್ಲಿಲ್ಲ?" ಎಂದರು. "ಅಕೀದು ಮಧ್ಯಾಹ್ನ ಐತ್ರಿ" ಅಂದೆ. ಮೊದಲಿನಿಂದ ಗೊತ್ತಿದ್ದವನ ಹಾಗೆ ಅಂದೆ. ಅವಳ ಕಡೆ ಬಗ್ಗಿ ಮೆಲ್ಲಗೆ, "ನಡಿ ಊರಿಗೆ. ಯಾವ ಗಣಿತಾನೂ ಬ್ಯಾಡ" ಎಂದೆ. ಆ ಗಳಿಗೆಯಲ್ಲಿ ನಿಜವಾಗಿಯೂ ಕರೆದುಕೊಂಡು ಹೋಗುವವನೇ ಇದ್ದೆ.

ಅವಳು ಅಳಲಿಲ್ಲ. "ಬೈಯೋದಿದ್ರ ನಾಳಿ ಸಂಜಿಗೆ ಬೈ ಅಪ್ಪಾ, ಎಲ್ಲಾ ಪೇಪರ್ ಮುಗೀತಾವು. ಈಗ ಬೈದ್ರ ಗಣಿತಾನೂ ಹೋಗ್ತೈತಿ" ಎಂದಳು.

ಹೇಳಿ, ಮತ್ತೆ ಪುಸ್ತಕದ ಲೆಕ್ಕಕ್ಕೆ ಬಗ್ಗಿದಳು. ನಾನು ಎದ್ದು ರಸ್ತೆಯ ಆಚೆ ಚಹಾದಂಗಡಿಗೆ ಹೋಗಿ, ಅವಳಿಗೆ ನನ್ನ ಮುಖ ಕಾಣದಂತೆ ಬೆನ್ನು ತಿರುಗಿಸಿ ಕೂತೆ. ಅಂಗಡಿಯವನು ತಂದಿಟ್ಟ ಚಹಾ ಆರಿಹೋಯಿತು. ಬಿಸಿಲು ಏರಿತು. ಮುಂಜಾನೆಯ ಮಕ್ಕಳು ಹೊರಗೆ ಬಂದು, ಉತ್ತರ ತಾಳೆ ಹಾಕಿ, ಕೆಲವರು ಕುಣಿದು ಕೆಲವರು ಅತ್ತು, ಬುತ್ತಿ ಬಿಚ್ಚಿದರು. ನಾನೂ ಮರದ ಕೆಳಗೆ ಬಂದೆ, ಇಬ್ಬರೂ ರೊಟ್ಟಿ ತಿಂದೆವು.

ಮಧ್ಯಾಹ್ನದ ಬೆಲ್ಲಿಗೆ ಎಲ್ಲರೂ ಓಡಿದರು. ಅವಳು ಮಾತ್ರ ನನ್ನೆದುರು ನಿಂತು, "ಹೋಗ್ಲೇನಪ್ಪಾ?" ಎಂದಳು.

"ಹೋಗು. ಲಕ್ಷ್ಯ ಪೇಪರ್ ಮ್ಯಾಲಿರ್ಲಿ, ನನ್ ಮ್ಯಾಲಲ್ಲ" ಅಂದೆ.

ಅವಳು ಹೊರಗೆ ಬರುವತನಕ ಗೇಟಿನ ಸರಳು ಹಿಡಿದು ನಿಂತಿದ್ದೆ. ಬಂದಾಗ ಮುಖ ಬಾಡಿತ್ತು. "ಸುಮಾರು ಬಂದಾವಪ್ಪಾ" ಎಂದಳು. ಸುಮಾರು ಅಂದರೆ ಎಷ್ಟೆಂದು ಕೇಳಲು ಧೈರ್ಯ ಸಾಲಲಿಲ್ಲ.

ಬಸ್‌ಸ್ಟ್ಯಾಂಡಿಗೆ ನಡೆಯುತ್ತ, "ನಾಳಿ ಯಾವ ಪೇಪರ್? ಯಾವ ಬಸ್ಸಿಗೆ ಬರೋಣ, ನೀನೇ ಹೇಳು" ಎಂದೆ.

ಅವಳು ಹೇಳಿದಳು. ನಾನು ಹೂಂ ಅಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.